ಪಾಲಕ-ಶಿಕ್ಷಕರ ಸಂಘ ಸೇರಲು ಶುಲ್ಕ ಬೇಕೆ?

ಪರ: ರೊಕ್ಕ ಕೊಟ್ಟವರು ಲೆಕ್ಕ ಕೇಳುತ್ತಾರೆ

ಬಾಗಲಕೋಟೆಯ ನವನಗರದಲ್ಲಿ ನನ್ನ ಮಗ ಓದಿದ ಖಾಸಗಿ ಪ್ರೌಢಶಾಲೆಯ ಪಾಲಕ-ಶಿಕ್ಷಕರ ಸಂಘಕ್ಕೆ ನಾನು ಮೂರು ವರ್ಷ ಖಜಾಂಚಿಯಾಗಿದ್ದೆ. ಮೊದಲ ವರ್ಷ ಸದಸ್ಯತ್ವಕ್ಕೆ ಶುಲ್ಕವೇ ಇರಲಿಲ್ಲ. ಎಲ್ಲ ಪಾಲಕರೂ ತಾವಾಗಿಯೇ ಸದಸ್ಯರು ಎಂದು ನಿಯಮಾವಳಿಯಲ್ಲಿ ಬರೆದಿತ್ತು. ಓದಲು ಅದು ಚೆಂದವಿತ್ತು. ಆದರೆ ಆ ವರ್ಷದ ಹಾಜರಿ ಪುಸ್ತಕ ಬರೆದವನು ನಾನೇ. ಮೂರನೆಯ ಸಭೆಗೆ ಬಂದವರು ಹನ್ನೊಂದು ಜನ, ಅವರಲ್ಲಿ ಐವರು ಶಿಕ್ಷಕರು. ಸಂಘದ ಹೆಸರಿನಲ್ಲಿ ಒಂದು ಪೈಸೆಯೂ ಇರದ ಕಾರಣ ಸೂಚನಾ ಪತ್ರದ ಝೆರಾಕ್ಸಿನಿಂದ ಹಿಡಿದು ಸಭೆಯ ಚಹಾದವರೆಗೆ ಎಲ್ಲಕ್ಕೂ ಆಡಳಿತ ಮಂಡಳಿಯ ಮುಂದೆ ಕೈ ಚಾಚಬೇಕಿತ್ತು. ಯಾರ ಚಹಾ ಕುಡಿದು ಸಭೆ ನಡೆಸುತ್ತೇವೆಯೋ ಅವರನ್ನೇ ಅದೇ ಸಭೆಯಲ್ಲಿ ಪ್ರಶ್ನಿಸಲು ನಮ್ಮ ಕಡೆಯ ಜನರಿಗೆ ಬಾಯಿ ಬರುವುದಿಲ್ಲ.

ಎರಡನೆಯ ವರ್ಷ ಮಹಾಸಭೆಯಲ್ಲಿ ಕೈ ಎತ್ತಿಸಿ ಒಂದು ಕುಟುಂಬಕ್ಕೆ ವರ್ಷಕ್ಕೆ 200 ರೂಪಾಯಿ ಎಂದು ನಿರ್ಧರಿಸಿದೆವು. ಬ್ಯಾಂಕಿನಲ್ಲಿ ಸಂಘದ್ದೇ ಖಾತೆ ತೆರೆದು, ಸಹಿ ಮಾಡುವ ಇಬ್ಬರೂ ಪಾಲಕರೇ ಇರಬೇಕೆಂದು ಠರಾವು ಬರೆದೆವು. ಮುಂದಿನ ಸಭೆಗೆ, ಅಲ್ಲಿಯವರೆಗೆ ಶಾಲೆಯ ಗೇಟಿನಿಂದ ಒಳಗೆ ಕಾಲಿಡದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಬಂದರು. ಕೈಯಲ್ಲಿ ನಾವು ಕೊಟ್ಟಿದ್ದ ರಸೀದಿ ಇತ್ತು. ಜಮಾ-ಖರ್ಚಿನ ಹಾಳೆಯ ಮೇಲೆ ಬೆರಳಿಟ್ಟು, "ಝೆರಾಕ್ಸಿಗೆ 140 ರೂಪಾಯಿ ಹೆಂಗಾತ್ರೀ?" ಎಂದು ಕೇಳಿದರು. ಬಿಲ್ಲು ತೋರಿಸಿದೆ, ಅವರು ಅದನ್ನು ಬೆಳಕಿಗೆ ಹಿಡಿದು ಓದಿ ಹಿಂದಕ್ಕೆ ಕೊಟ್ಟರು. ಅದರ ಮುಂದಿನ ಸಭೆಯಲ್ಲಿ ಅದೇ ಮನುಷ್ಯ ಎದ್ದು ನಿಂತು, ಹತ್ತನೆಯ ತರಗತಿಗೆ ಎರಡು ತಿಂಗಳಿಂದ ವಿಜ್ಞಾನದ ಶಿಕ್ಷಕರಿಲ್ಲದಿರುವುದು ಏಕೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದರು. ಹದಿನೈದು ದಿನಗಳಲ್ಲಿ ಶಿಕ್ಷಕರು ಬಂದರು. ಝೆರಾಕ್ಸಿನ ಪ್ರಶ್ನೆ ಕೇಳದೆ ಅವರು ಶಿಕ್ಷಕರ ಪ್ರಶ್ನೆ ಕೇಳುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. 200 ರೂಪಾಯಿ ಅವರನ್ನು ಅತಿಥಿಯ ಕುರ್ಚಿಯಿಂದ ಎಬ್ಬಿಸಿ ಪಾಲುದಾರನ ಕುರ್ಚಿಯಲ್ಲಿ ಕೂರಿಸಿತು.

ಕಾನೂನೇ ಪಾಲಕರಿಗೆ ಜಾಗ ಮಾಡಿಕೊಟ್ಟಿರುವಾಗ ಸಂಘವೇಕೆ, ಶುಲ್ಕವೇಕೆ ಎಂದು ಕೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಶಾಲಾ ಆಡಳಿತ ಸಮಿತಿಯನ್ನು ಕಡ್ಡಾಯ ಮಾಡಿದ್ದು ನಿಜ. ಆದರೆ ಅನುದಾನರಹಿತ ಶಾಲೆಗಳು ಅದರ ಹೊರಗೇ ಉಳಿದಿವೆ, ಅನುದಾನಿತ ಶಾಲೆಗಳ ಸಮಿತಿಗೆ 2012ರ ತಿದ್ದುಪಡಿಯ ನಂತರ ಸಲಹೆ ಕೊಡುವ ಅಧಿಕಾರವಷ್ಟೇ ಇದೆ. ಖಾಸಗಿ ಶಾಲೆಯ ಪಾಲಕನಿಗೆ ತಾನೇ ಕಟ್ಟಿಕೊಂಡ ಸಂಘವನ್ನು ಬಿಟ್ಟರೆ ಬೇರೆ ವೇದಿಕೆ ಇಲ್ಲ. ಆ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ನೋಂದಾಯಿಸಿದರೆ ಪ್ರತಿ ವರ್ಷ ಮಹಾಸಭೆ ಕರೆಯಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಇದೆಲ್ಲ ಪುಕ್ಕಟೆ ಆಗುವ ಕೆಲಸವಲ್ಲ.

ನಮ್ಮ ಮೂರು ಜಿಲ್ಲೆಗಳ ಶಿಕ್ಷಣವೇ ವಂತಿಗೆಯ ಮೇಲೆ ನಿಂತದ್ದು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. 1916ರಲ್ಲಿ ಹುಟ್ಟಿದಾಗ ದೊಡ್ಡವರ ದಾನದ ಜೊತೆಗೆ ಸಾಮಾನ್ಯರ ಕಾಣಿಕೆಯೂ ಸೇರಿತ್ತು. ಮಠಗಳ ಪ್ರಸಾದ ನಿಲಯಗಳ ಒಲೆ ಉರಿದದ್ದು ಭಕ್ತರು ಹೊತ್ತು ತಂದ ಜೋಳದಿಂದ. ಸಣ್ಣ ಮೊತ್ತವನ್ನು ಎಲ್ಲರೂ ಕೊಡುವುದರಲ್ಲಿ ಒಂದು ಸಮಾನತೆ ಇದೆ. ಒಬ್ಬ ಧನಿಕ ಪಾಲಕ ಐವತ್ತು ಸಾವಿರ ಕೊಟ್ಟರೆ ಸಂಘ ಅವನ ಮನೆಯ ಅಂಗಳವಾಗುತ್ತದೆ. ಇನ್ನೂರೈವತ್ತು ಮನೆಗಳು ತಲಾ 200 ಕೊಟ್ಟರೆ ಅದೇ ಐವತ್ತು ಸಾವಿರ, ಆದರೆ ಯಾರೂ ಯಾರ ಹಂಗಿನಲ್ಲಿಯೂ ಇರುವುದಿಲ್ಲ.

ಆ ರೊಕ್ಕದಲ್ಲಿ ಮಾಡಿದ ಖರ್ಚುಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಎಸ್ಸೆಸ್ಸೆಲ್ಸಿ ಮಕ್ಕಳ ಸಂಜೆಯ ಅವಲಕ್ಕಿ. ಹಳ್ಳಿಗಳಿಂದ ಬರುವ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟಿರುತ್ತಿದ್ದರು. ಸಂಜೆ ಐದರ ವಿಶೇಷ ತರಗತಿಯ ಹೊತ್ತಿಗೆ ಹಸಿದ ಹೊಟ್ಟೆಯಲ್ಲಿ ಬೀಜಗಣಿತ ತಲೆಗೆ ಹತ್ತುತ್ತಿರಲಿಲ್ಲ. ಒಗ್ಗರಣೆ ಹಾಕಿದ ಅವಲಕ್ಕಿ, ಮೇಲೆ ಒಂದು ಹಿಡಿ ಶೇಂಗಾ: ನವೆಂಬರಿನಿಂದ ಪರೀಕ್ಷೆಯವರೆಗೆ ಅದನ್ನು ನಡೆಸಿದ್ದು ಸದಸ್ಯತ್ವದ ಹಣ.

ಶುಲ್ಕಕ್ಕೆ ಕಟ್ಟುಪಾಡು ಇರಲೇಬೇಕು. ಅದು ಕುಟುಂಬಕ್ಕೆ ಒಂದೇ ಸಲ ಇರಬೇಕು, ಮಗುವಿಗೊಂದರಂತೆ ಬೆಳೆಯಬಾರದು. ಪ್ರವೇಶದ ಕೌಂಟರಿನಲ್ಲಿ ವಸೂಲು ಮಾಡಬಾರದು, ಅಂಕಪಟ್ಟಿಗೂ ಪ್ರವೇಶಪತ್ರಕ್ಕೂ ಅದನ್ನು ತಳುಕು ಹಾಕಬಾರದು. ಕೊಡಲಾಗದವರ ಹೆಸರು ಖಜಾಂಚಿಯ ಆಚೆ ಹೋಗಬಾರದು. ನಮ್ಮಲ್ಲಿ ಅಂಥ ಕುಟುಂಬಗಳು ಪ್ರತಿ ವರ್ಷ ಇರುತ್ತಿದ್ದವು, ಅವರ ರಸೀದಿಯೂ ಉಳಿದವರ ರಸೀದಿಯಂತೆಯೇ ಹರಿಯುತ್ತಿತ್ತು. ಮೂರನೆಯ ವರ್ಷದ ಕೊನೆಗೆ ಖಾತೆಯಲ್ಲಿ 6,340 ರೂಪಾಯಿ ಉಳಿಸಿ ನಾನು ಪುಸ್ತಕಗಳನ್ನು ಮುಂದಿನವರಿಗೆ ಒಪ್ಪಿಸಿದೆ. ಅವನ್ನು ತೆಗೆದುಕೊಂಡವರು ಆ ಮೆಕ್ಯಾನಿಕ್.

ವಿರೋಧ: ತಾಯಿಯಾಗಿರುವುದೇ ಸದಸ್ಯತ್ವ

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದ ನಾನು ಈಗ ಶಾಲೆಗೆ ಹೋಗುವ ಮೂವರು ಮಕ್ಕಳ ತಾಯಿ. ಮಕ್ಕಳು ಓದುತ್ತಿರುವುದು ಒಂದು ಖಾಸಗಿ ಶಾಲೆಯಲ್ಲಿ. ಜೂನ್ ತಿಂಗಳಲ್ಲಿ ಕೊಡುವ ಶುಲ್ಕದ ಚೀಟಿಯಲ್ಲಿ ಬೋಧನಾ ಶುಲ್ಕ, ಪುಸ್ತಕ, ಸಮವಸ್ತ್ರಗಳ ಕೆಳಗೆ "ಪಾ.ಶಿ. ಸಂಘ: 300" ಎಂಬ ಒಂದು ಸಾಲು ಇರುತ್ತದೆ. ಮೂರು ಮಕ್ಕಳಿಗೆ 900. ಒಬ್ಬಳೇ ತಾಯಿ ಒಂದೇ ಸಂಘಕ್ಕೆ ಮೂರು ಸಲ ಸದಸ್ಯಳಾಗುವುದು ಹೇಗೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಹೋದ ವರ್ಷ ಪುಸ್ತಕ, ಸಮವಸ್ತ್ರಗಳ ಹಣ ಹೊಂದಿಸಿ ಆ 900ನ್ನು ಮಾತ್ರ ಹಿಂದಕ್ಕೆ ಉಳಿಸಿಕೊಂಡಿದ್ದೆ. ಜುಲೈ ತಿಂಗಳ ಒಂದು ದಿನ ಆರನೆಯ ತರಗತಿಯ ಮಗಳು ಶಾಲೆಯಿಂದ ಬಂದವಳು ಊಟಕ್ಕೆ ಏಳಲಿಲ್ಲ. ರಾತ್ರಿ ಅವಳ ಕಂಪಾಸ್ ಪೆಟ್ಟಿಗೆ ತೆರೆದಾಗ ಕೋನಮಾಪಕದ ಅಡಿಯಲ್ಲಿ ಎಂಟು ಮಡಿಕೆ ಮಾಡಿದ ಒಂದು ಚೀಟಿ ಸಿಕ್ಕಿತು. ಸಂಘದ ಬಾಕಿ ತುಂಬಬೇಕೆಂಬ ಸೂಚನೆ. ಬಾಕಿ ಇದ್ದವರ ಹೆಸರು ಓದಿ ತರಗತಿಯಲ್ಲಿ ನಿಲ್ಲಿಸಿದ್ದರಂತೆ. ಅವಳ ಜೊತೆ ನಿಂತವರು ನಾಲ್ವರು, ಅವರಲ್ಲಿ ಮೂವರು ನಮ್ಮ ಓಣಿಯವರೇ. ಸಂಘದ ಸದಸ್ಯೆ ನಾನು, ಬಾಕಿ ನನ್ನದು, ನಿಂತದ್ದು ಹನ್ನೊಂದು ವರ್ಷದ ಹುಡುಗಿ. ಶುಲ್ಕ ಎಷ್ಟು ಸಣ್ಣದು ಎಂದು ಯಾರಾದರೂ ಹೇಳಿದಾಗಲೆಲ್ಲ ಆ ಮಡಿಕೆಗಳು ನನ್ನ ಕಣ್ಣಿಗೆ ಬರುತ್ತವೆ.

ಬಡವರಿಗೆ ವಿನಾಯಿತಿ ಕೊಟ್ಟರೆ ಆಯಿತಲ್ಲ ಎನ್ನುತ್ತಾರೆ. ವಿನಾಯಿತಿ ಸಿಗಬೇಕಾದರೆ ತಾನು ಬಡವಳು ಎಂದು ಯಾರಾದರೊಬ್ಬರ ಮುಂದೆ ನಿಂತು ಹೇಳಬೇಕು. ಹಾಗೆ ಹೇಳಿದ ತಾಯಿ ಮರುದಿನ ಸಭೆಯಲ್ಲಿ ಎದ್ದು, ಶೌಚಾಲಯದ ಬಾಗಿಲಿಗೆ ಚಿಲಕ ಏಕಿಲ್ಲ ಎಂದು ಕೇಳುತ್ತಾಳೆಯೆ? ಖಂಡಿತ ಕೇಳುವುದಿಲ್ಲ. ರೊಕ್ಕ ಕೊಟ್ಟವರಿಗೆ ಕೇಳುವ ಧೈರ್ಯ ಬರುತ್ತದೆ ಎನ್ನುವ ಮಾತು ನಿಜವಾದರೆ, ಕೊಡದವರ ಧೈರ್ಯವನ್ನು ಅದೇ ಶುಲ್ಕ ಕಸಿದುಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ.

ಸಂಘ ಸೇರಲು ತಗಲುವ ನಿಜವಾದ ಖರ್ಚು ಚೀಟಿಯಲ್ಲಿ ಕಾಣುವುದೂ ಇಲ್ಲ. ನನ್ನ ನಾದಿನಿ ಖಣ ನೇಯುತ್ತಾಳೆ. ಅವಳ ಮಗನೂ ಅದೇ ಶಾಲೆಯಲ್ಲಿದ್ದಾನೆ. ಕುಣಿ ಮಗ್ಗದಲ್ಲಿ ಕುಳಿತವಳಿಗೆ ಕೂಲಿ ಸಿಗುವುದು ನೇಯ್ದಷ್ಟಕ್ಕೆ, ಕುಳಿತ ಹೊತ್ತಿಗಲ್ಲ. ಶನಿವಾರ ಹನ್ನೊಂದಕ್ಕೆ ಸಭೆ ಎಂದರೆ ಹತ್ತಕ್ಕೆ ಮಗ್ಗದಿಂದ ಏಳಬೇಕು, ಸೀರೆ ಬದಲಿಸಿ ಹೊರಡಬೇಕು. ಅಧ್ಯಕ್ಷರು ಬರುವವರೆಗೆ ಕಾಯ್ದು, ಭಾಷಣ ಕೇಳಿ, ಮನೆಗೆ ಮರಳುವಾಗ ಎರಡು ಗಂಟೆ. ಅರ್ಧ ದಿನದ ನೇಯ್ಗೆ ಹೋಯಿತು. ಪಕ್ಕದ ಹಳ್ಳಿಗಳಿಂದ ಬರುವ ತಾಯಂದಿರಿಗೆ 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು. ಕೂಲಿಯ ಖರ್ಚು ಉಳಿಯಲಿಲ್ಲ. ವಿಜಯಪುರ ಜಿಲ್ಲೆಯ ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಪಾಲಕರಂತೂ ಹಂಗಾಮು ಮುಗಿಯುವವರೆಗೆ ಯಾವ ಸಭೆಗೂ ಬರಲಾರರು, ಶುಲ್ಕವನ್ನು ಮಾತ್ರ ಅಜ್ಜಿಯ ಕೈಯಲ್ಲಿ ಕೊಟ್ಟು ಹೋಗಬೇಕು. ಇಷ್ಟನ್ನೆಲ್ಲ ಕಳೆದುಕೊಂಡು ಬರುವವರ ಹತ್ತಿರ ಬಾಗಿಲಲ್ಲಿ ಮತ್ತೆ 300 ಕೇಳುವುದು ನ್ಯಾಯವಲ್ಲ.

ಕಾನೂನಿನ ಮಾತಿಗೆ ಬಂದರೆ, ಶಿಕ್ಷಣ ಹಕ್ಕು ಕಾಯ್ದೆ ಪಾಲಕರನ್ನು ಕಂಡ ರೀತಿಯೇ ಬೇರೆ. ಅದರ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ ಆ ಕೆಲಸ ಮಾಡುವುದು ಎಸ್.ಡಿ.ಎಂ.ಸಿ.; ಅದಕ್ಕೆ ಪಾಲಕರನ್ನು ಆರಿಸುವವರು ಪಾಲಕರೇ, ಮತ ಹಾಕಲು ಯಾರೂ ರಸೀದಿ ತೋರಿಸಬೇಕಿಲ್ಲ. ನಮ್ಮ ಮನೆಯ ಎದುರಿನ ಸರ್ಕಾರಿ ಶಾಲೆಯಲ್ಲಿ ಗೌಂಡಿ ಕೆಲಸದ ಒಬ್ಬ ತಾಯಿ ಸದಸ್ಯೆಯಾಗಿದ್ದಾರೆ. ರಸ್ತೆ ದಾಟಿ ನಮ್ಮ ಶಾಲೆಗೆ ಬಂದರೆ ಅದೇ ತಾಯಿ ಬಾಕಿದಾರಳಾಗುತ್ತಾಳೆ.

ಅದೇ ಕಾಯ್ದೆಯ 2ನೆಯ ಕಲಮು, ಶಾಲೆ ಅಧಿಸೂಚಿಸಿದ ಶುಲ್ಕವನ್ನು ಬಿಟ್ಟು ಬೇರೆ ಯಾವುದೇ ದೇಣಿಗೆ, ವಂತಿಗೆ, ಪಾವತಿಯನ್ನು ಕ್ಯಾಪಿಟೇಶನ್ ಶುಲ್ಕ ಎಂದು ಕರೆಯುತ್ತದೆ. 13ನೆಯ ಕಲಮು ಅದನ್ನು ನಿಷೇಧಿಸಿ, ವಸೂಲು ಮಾಡಿದ್ದರ ಹತ್ತು ಪಟ್ಟಿನವರೆಗೆ ದಂಡ ವಿಧಿಸುತ್ತದೆ. ಪ್ರವೇಶದ ಚೀಟಿಯಲ್ಲಿಯೇ ಸಂಘದ ಹಣವನ್ನು ಸೇರಿಸಿದಾಗ, ಅದನ್ನು ಕೊಡದೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಬಾಯಿ ಬಿಟ್ಟು ಹೇಳದಿದ್ದರೂ, ಪಾಲಕರು ಅದನ್ನು ಹಾಗೆಯೇ ಓದಿಕೊಳ್ಳುತ್ತಾರೆ. 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಸರ್ಕಾರಿ ಶಾಲೆಗಳ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್.ಡಿ.ಎಂ.ಸಿ.ಗಳಿಗೆ ಅವಕಾಶ ಕೊಟ್ಟು ಸುತ್ತೋಲೆ ಹೊರಡಿಸಿತ್ತು. ದೇಣಿಗೆ ಸ್ವಯಂಪ್ರೇರಿತ ಎಂದೇ ಅದರಲ್ಲಿತ್ತು. ಆದರೂ ಕೆಲವೇ ದಿನಗಳಲ್ಲಿ ಇಲಾಖೆ ಅದನ್ನು ಹಿಂಪಡೆಯಬೇಕಾಯಿತು. ಮಗುವಿನ ಹಾಜರಿ, ಅಂಕ, ಬೈಗುಳ, ಮೆಚ್ಚುಗೆ ಎಲ್ಲವೂ ಯಾರ ಕೈಯಲ್ಲಿದೆಯೋ ಅವರೇ ಕೇಳುವ ದೇಣಿಗೆಗೆ ಒಲ್ಲೆ ಎನ್ನುವ ಪಾಲಕರು ಎಷ್ಟು ಜನ ಇದ್ದಾರು!

ಹಣವಿಲ್ಲದೆ ಕುಡಿಯುವ ನೀರಿನ ಫಿಲ್ಟರಿಗೆ ಏನು ಮಾಡುವುದು ಎಂದು ನಮ್ಮ ಸಂಘದವರು ಕೇಳಿದರು. ಶುದ್ಧ ಕುಡಿಯುವ ನೀರು, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇವು ಪ್ರತಿ ಶಾಲೆಯೂ ಪೂರೈಸಲೇಬೇಕಾದ ಮಾನದಂಡಗಳೆಂದು ಕಾಯ್ದೆಯ ಅನುಸೂಚಿಯಲ್ಲಿದೆ. ಅವುಗಳ ಖರ್ಚು ಆಡಳಿತ ಮಂಡಳಿಯದು. ಸಂಘ ಅದನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಾಗ, ಕೇಳಬೇಕಾದವರೇ ಕೊಡುವವರಾಗಿ ಬಿಡುತ್ತಾರೆ. ಹಳೆಯ ದಾನಿಗಳನ್ನು ನೆನೆಯುವವರಿಗೂ ಒಂದು ಮಾತು: 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ಉಯಿಲು ಬರೆದು ಶಿಕ್ಷಣಕ್ಕೆ ಬಿಟ್ಟುಹೋದರು. ಅದು ಇದ್ದವರು ಇಲ್ಲದವರಿಗೆ ಕೊಟ್ಟದ್ದು. ಓದುವ ಮಗುವಿನ ಮನೆಯಿಂದ ವಸೂಲು ಮಾಡುವುದನ್ನು ಅದರ ಪಕ್ಕದಲ್ಲಿ ಇಟ್ಟು ನೋಡಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳ ಸಂಜೆಯ ಉಪಾಹಾರದಂಥ ಕೆಲಸಕ್ಕೆ ಹಣ ಬೇಕೇ ಬೇಕು. ಅದಕ್ಕೆ ವರ್ಷಕ್ಕೊಮ್ಮೆ, ಹೆಸರು ಬರೆಯದ ಪೆಟ್ಟಿಗೆಯೊಂದನ್ನು ಸಭೆಯ ಬಾಗಿಲಲ್ಲಿ ಇಡಲಿ, ಎಣಿಕೆಯನ್ನು ಎಲ್ಲರೆದುರು ಮಾಡಲಿ. ನಾನೂ ಅದರಲ್ಲಿ ಹಾಕುತ್ತೇನೆ.

ಈ ಜೂನಿನಲ್ಲಿ ಆ ಒಂದು ಸಾಲನ್ನು ಬೇರೆ ಚೀಟಿಯಲ್ಲಿ ಬರೆದುಕೊಡಿ ಎಂದು ಕೌಂಟರಿನಲ್ಲಿ ಕೇಳಿದೆ. ಕಾರಕೂನರು ಒಳಗೆ ಹೋಗಿ ಬಂದು, ಸಭೆಯಲ್ಲಿ ಮಾತಾಡಿ ಎಂದರು. ಮುಂದಿನ ಶನಿವಾರ ನಾದಿನಿ ಮಗ್ಗ ಬಿಟ್ಟು ನನ್ನ ಜೊತೆ ಬರುತ್ತಿದ್ದಾಳೆ. ಕಳೆದ ವರ್ಷ ಮಗಳ ಜೊತೆ ನಿಂತ ಆ ಮೂವರ ತಾಯಂದಿರೂ ಬರುತ್ತೇವೆ ಎಂದಿದ್ದಾರೆ.