ಸ್ಯಾಟಲೈಟ್ ನೆಟ್‌ವರ್ಕ್‌ಗೆ ಒಂದೇ ಕಂಪನಿ ಮಾಲೀಕನಾ? ಸತ್ಯಾಂಶ ನೋಡಿ

ಟವರ್ ಸಿಗದಿದ್ರೆ ಫೋನ್ ತಾನಾಗೇ ಸ್ಯಾಟಲೈಟ್‌ಗೆ ಹೋಗೋದನ್ನ ಒಂದೇ ಕಂಪನಿ ಪೇಟೆಂಟ್ ಮಾಡ್ಕೊಂಡಿದೆ, ಇನ್ಮೇಲೆ ಬೇರೆ ಯಾರೂ ಮಾಡೋ ಹಾಗಿಲ್ಲ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಹಾಗೇನಿಲ್ಲ. ಪೇಟೆಂಟ್ ಸಿಗೋದು ಬರೀ ಐಡಿಯಾಗಲ್ಲ, ಅದನ್ನ ಮಾಡೋ ನಿರ್ದಿಷ್ಟ ವಿಧಾನಕ್ಕೆ. 550 ಕಿಮೀ ಎತ್ತರದ ಸ್ಯಾಟಲೈಟ್ ಸೆಕೆಂಡಿಗೆ ಸುಮಾರು 7.6 ಕಿಮೀ ಓಡುತ್ತೆ, ಕೆಲವೇ ನಿಮಿಷದಲ್ಲಿ ತಲೆ ಮೇಲಿಂದ ದಾಟಿ ಹೋಗುತ್ತೆ, ಹಾಗಾಗಿ ಕನೆಕ್ಷನ್ ಯಾವಾಗ ಬದಲಾಯಿಸ್ಬೇಕು, ಸಿಗ್ನಲ್ ನೋಡ್ಕೊಂಡಾ, ಟೈಮ್ ನೋಡ್ಕೊಂಡಾ, ಇರೋ ಜಾಗ ನೋಡ್ಕೊಂಡಾ, ಬ್ಯಾಟರಿ ಹೇಗೆ ಉಳಿಸ್ಬೇಕು ಅನ್ನೋದಕ್ಕೆ ಒಬ್ಬೊಬ್ರದ್ದು ಒಂದೊಂದು ದಾರಿ, ನಿಜವಾದ ಜಾಣತನ ಇರೋದೂ ಅಲ್ಲೇ. ಮೊಬೈಲ್ ನೆಟ್‌ವರ್ಕ್‌ಗಳ ಸ್ಟ್ಯಾಂಡರ್ಡ್ ರೂಪಿಸೋ ಜಾಗತಿಕ ಒಕ್ಕೂಟ 3ಜಿಪಿಪಿ 2022ರಲ್ಲಿ ಮುಗಿಸಿದ ‘ರಿಲೀಸ್ 17’ ಅನ್ನೋ ಆವೃತ್ತಿಯಲ್ಲೇ ಫೋನ್ ಸ್ಯಾಟಲೈಟ್‌ಗೆ ಕನೆಕ್ಟ್ ಆಗೋದಕ್ಕೆ ಎಲ್ರಿಗೂ ಸೇರಿದ ಸ್ಟ್ಯಾಂಡರ್ಡ್ ಬಂದಾಗಿದೆ. ಇನ್ನೊಂದು, ಅಮೆರಿಕದಂಥ ಬೇರೆ ದೇಶದಲ್ಲಿ ಸಿಕ್ಕ ಪೇಟೆಂಟ್ ಇಲ್ಲಿ ನಡೆಯಲ್ಲ, ಭಾರತದಲ್ಲಿ ಬೇರೆ ಅರ್ಜಿ ಹಾಕ್ಬೇಕು, ಸಿಕ್ಕಿದ್ರೂ ಅರ್ಜಿ ಹಾಕಿದ ದಿನದಿಂದ 20 ವರ್ಷ ಅಷ್ಟೇ.