ಬೆನ್ನು ತೋರಿಸುವ ಅಂಗಡಿ

ಬೆನ್ನು ತೋರಿಸುವುದು ಅಂದರೆ ಕನ್ನಡದಲ್ಲಿ ಒಳ್ಳೆಯ ಮಾತಲ್ಲ. ಯುದ್ಧದಲ್ಲಿ ಬೆನ್ನು ತೋರಿಸಿದವನು ಉತ್ತರಕುಮಾರನ ಪೈಕಿ. ಯಕ್ಷಗಾನ ನೋಡಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಉಡುಪಿಯಲ್ಲಿ ಇನ್ನೊಂದು ಲೆಕ್ಕವೂ ಉಂಟು. ಕನಕದಾಸರಿಗಾಗಿ ದೇವರೇ ಹಿಂದಕ್ಕೆ ತಿರುಗಿ ನಿಂತ ಎಂದು ನಂಬುವ ಊರು ಇದು. ಇವತ್ತಿಗೂ ಕೃಷ್ಣನನ್ನು ನೋಡುವುದು ಕಿಂಡಿಗೆ ಕಣ್ಣು ಹಚ್ಚಿಯೇ. ಮೊಬೈಲಿನಲ್ಲಿ ಸೀರಮ್ಮು, ಸನ್‌ಸ್ಕ್ರೀನು ಕೊಳ್ಳುವವರು ಹಿಡಿಯಬೇಕಾದ್ದು ಈ ಎರಡನೆಯ ಲೆಕ್ಕವನ್ನು. ಸೀಸೆಯ ಮುಖ ಜಾಹೀರಾತಿನವರದ್ದು, ಬೆನ್ನು ಕಾನೂನಿನದ್ದು. ಎರಡು ಬೆರಳು ಅಗಲಿಸಿ ಚಿತ್ರ ದೊಡ್ಡದು ಮಾಡಿದಾಗ ಬೆನ್ನಿನ ಸಣ್ಣಕ್ಷರ ಓದಲಿಕ್ಕೆ ಸಿಗುತ್ತದೋ ಇಲ್ಲವೋ, ಅಂಗಡಿಯ ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಯಾವುದಾದರೂ ಸೀರಮ್ಮಿನ ಪುಟ ತೆರೆಯಿರಿ. ಏಳೆಂಟು ಚಿತ್ರ ಇರುತ್ತವೆ. ಒಂದರಲ್ಲಿ ಕಿತ್ತಳೆ ಹೋಳು ನೀರಿಗೆ ಧುಮುಕುತ್ತಿದೆ. ಇನ್ನೊಂದರಲ್ಲಿ ಗಾಜಿನ ಹಾಗೆ ಹೊಳೆಯುವ ಕೆನ್ನೆ, ಅದರ ಮೇಲೆ ಒಂದೇ ಹನಿ. ಮತ್ತೊಂದರಲ್ಲಿ ದುಂಡು ಮುದ್ರೆಗಳ ಸಾಲು: ಪ್ಯಾರಾಬೆನ್ ಇಲ್ಲ, ಸಲ್ಫೇಟ್ ಇಲ್ಲ, ಸಿಲಿಕೋನ್ ಇಲ್ಲ. ಸಲ್ಫೇಟ್ ಎಂಬುದು ಶ್ಯಾಂಪೂವಿನ, ಫೇಸ್‌ವಾಶಿನ ನೊರೆಯ ಸಾಮಾನು. ಮುಖದಲ್ಲೇ ಉಳಿಯುವ ಸೀರಮ್ಮಿಗೆ ಅದನ್ನು ಹಾಕುವವರು ಯಾರು? ಹೋಟೆಲಿನವನು ನಮ್ಮ ಸಾಂಬಾರಿನಲ್ಲಿ ಸೀಮೆಎಣ್ಣೆ ಇಲ್ಲ ಎಂದು ಬೋರ್ಡು ಹಾಕಿದ ಹಾಗಾಯಿತು. ಇಷ್ಟೆಲ್ಲ ಆದಮೇಲೆ ಕೊನೆಯ ಚಿತ್ರದಲ್ಲಿ ಡಬ್ಬಿಯ ಹಿಂಬದಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಆ ಹಿಂಬದಿಯಲ್ಲಿ ಇರುವುದೇನು? 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಷ್ಟರೊಳಗೆ ಬಳಸಬೇಕು ಎಂಬ ತಾರೀಕು. ವಿದೇಶದ ಮಾಲಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಪ್ರಮಾಣಪತ್ರದ ಸಂಖ್ಯೆ. ತಯಾರಕರು ಒಬ್ಬರು, ‘ಮಾರ್ಕೆಟೆಡ್ ಬೈ’ ಇನ್ನೊಬ್ಬರು ಆಗಿದ್ದರೆ ಗಾಬರಿಯಾಗಬೇಕಾಗಿಲ್ಲ. ಹಿಮಾಚಲದ ಬದ್ದಿಯಂಥ ಕಡೆ ಒಂದೇ ಕಾರ್ಖಾನೆ ಹಲವು ಬ್ರ್ಯಾಂಡುಗಳಿಗೆ ಮಾಡಿಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ಗ್ರಾಹಕರಿಗೆ ಅದರಿಂದ ಲಾಭವೇ. 299ರ ಬಾಟ್ಲಿ, 799ರ ಬಾಟ್ಲಿ ಎರಡರ ಹಿಂದೆಯೂ ಅದೇ ಕಾರ್ಖಾನೆಯ ವಿಳಾಸ ಕಂಡರೆ ಪದಾರ್ಥಗಳ ಪಟ್ಟಿಯ ಮೊದಲ ಏಳೆಂಟು ಹೆಸರನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಕಾರ್ಖಾನೆ ಒಂದೇ ಆದ ಮಾತ್ರಕ್ಕೆ ಒಳಗಿನದ್ದೂ ಒಂದೇ ಅಲ್ಲ. ಪಟ್ಟಿಯೂ ಹಾಗೇ ಸಾಲಾಗಿ ಹೊಂದಿದರೆ ಮಾತ್ರ ಉಳಿದ 500 ರೂಪಾಯಿ ಯಾವುದಕ್ಕೆ ಎಂದು ಕೇಳಬೇಕು.

ಇಲ್ಲಿ ಕಾನೂನು ಎರಡು ಕಡೆ ಸಡಿಲ ಬಿಟ್ಟಿದೆ, ಅಂಗಡಿಯ ಬಣ್ಣ ಗೊತ್ತಾಗುವುದೂ ಆ ಎರಡು ಕಡೆಯಲ್ಲೇ. ಪೊಟ್ಟಣದ ಸಾಮಾನಿನ ಬಗ್ಗೆ 2011ರ ಲೀಗಲ್ ಮೆಟ್ರಾಲಜಿ ನಿಯಮಗಳಿವೆ. ಪೊಟ್ಟಣದ ಮೇಲಿರಬೇಕಾದ ವಿವರಗಳನ್ನು ಆನ್‌ಲೈನ್ ಪುಟದಲ್ಲೂ ತೋರಿಸಬೇಕು ಎನ್ನುತ್ತವೆ ಅವು. ತಯಾರಾದ ತಿಂಗಳು ಮತ್ತು ವರ್ಷ ಒಂದನ್ನು ಬಿಟ್ಟು. ಗೋದಾಮಿನಲ್ಲಿ ಹತ್ತು ಬ್ಯಾಚು ಇರುವಾಗ ಯಾವ ತಾರೀಕು ಹಾಕುವುದು ಎಂಬ ಕಷ್ಟ ಅರ್ಥವಾಗುವಂಥದ್ದೇ. ಎರಡನೆಯದು ಪದಾರ್ಥಗಳ ಪಟ್ಟಿ. 60 ಮಿಲಿಗಿಂತ ಕಡಿಮೆಯ ದ್ರವಕ್ಕೆ, 30 ಗ್ರಾಮಿಗಿಂತ ಕಡಿಮೆಯ ಕ್ರೀಮಿಗೆ ಅದು ಕಡ್ಡಾಯವಲ್ಲ. ಸೀರಮ್ಮುಗಳು ಬರುವುದೇ 30 ಮಿಲಿಯಲ್ಲಿ! ಹಾಗಾಗಿ 30 ಮಿಲಿ ಬಾಟ್ಲಿಗೂ ಪೂರ್ತಿ ಪಟ್ಟಿ ಕೊಟ್ಟು, ಕೇಳುವ ಮೊದಲೇ ತಯಾರಾದ ತಿಂಗಳು, ವರ್ಷವನ್ನೂ ಬರೆದ ಅಂಗಡಿ ಯಾರ ಒತ್ತಾಯವೂ ಇಲ್ಲದೆ ಬೆನ್ನು ತೋರಿಸಿದೆ.

ಬರೆಯದಿದ್ದರೆ ಕೇಳಬೇಕು. ಕಾರ್‌ಸ್ಟ್ರೀಟಿನ ಫ್ಯಾನ್ಸಿ ಅಂಗಡಿಯಲ್ಲಿ ‘ಡೇಟು ನೋಡಿ ಕೊಡಿ ಮಾರಾಯ್ರೆ’ ಅಂದರೆ ಅಂಗಡಿಯವರು ಡಬ್ಬಿ ತಿರುಗಿಸಿ, ಹೆಬ್ಬೆರಳಿನಲ್ಲಿ ಧೂಳು ಒರೆಸಿ, ಕನ್ನಡಕ ಏರಿಸಿ ಓದುತ್ತಾರೆ. ಹತ್ತಿರ ಬಂದಿದ್ದರೆ ‘ಇದು ಬೇಡ ಅಕ್ಕ, ಒಳಗಿಂದ ಕೊಡ್ತೇನೆ’ ಅನ್ನುವುದೂ ಉಂಟು. ಆನ್‌ಲೈನಿನಲ್ಲಿ ಚಾಟ್ ಕಿಟಕಿ ಇದೆ. ‘ಈಗ ಕಳಿಸುವ ಬ್ಯಾಚಿನ ಎಕ್ಸ್‌ಪೈರಿ ಯಾವಾಗ?’ ಎಂಬ ಒಂದೇ ಪ್ರಶ್ನೆ ಸಾಕು. ತಿಂಗಳು, ವರ್ಷ ಬಂದರೆ ಸರಿ. ‘ಪ್ರಿಯ ಗ್ರಾಹಕರೇ, ನಾವು ಸದಾ ತಾಜಾ ಸ್ಟಾಕನ್ನೇ ಕಳಿಸುತ್ತೇವೆ’ ಎಂದು ಬಂದರೆ ಅದು ಉತ್ತರ ಅಲ್ಲ, ಮಂಗಳಾರತಿ. ಒಂದಕ್ಕೆ ಒಂದು ಫ್ರೀ ಇದ್ದಾಗಲಂತೂ ಈ ಪ್ರಶ್ನೆ ಬಿಡಲೇಬಾರದು. ಅವಧಿ ಮುಗಿಯಲು ನಾಲ್ಕು ತಿಂಗಳಿರುವ ಎರಡು ಬಾಟ್ಲಿ ಯಾರ ಮುಖಕ್ಕೆ ಸಾಕು?

ತಾರೀಕಿಗೆ ಇಷ್ಟು ಬೆಲೆ ಯಾಕೆ ಎಂದು ತಿಳಿಯಬೇಕಾದರೆ ವಿಟಮಿನ್ ಸಿ ಸೀರಮ್ಮನ್ನು ಹತ್ತಿರದಿಂದ ನೋಡಬೇಕು. ಅದರ ನೇರ ರೂಪ ಎಲ್-ಆಸ್ಕಾರ್ಬಿಕ್ ಆಮ್ಲ. 10ರಿಂದ 20 ಶೇಕಡಾ ಇದ್ದು, ಪಿಎಚ್ (ಹುಳಿಯ ಅಳತೆ) 3.5ರ ಕೆಳಗಿದ್ದರೆ ಚರ್ಮದೊಳಕ್ಕೆ ಇಳಿಯುತ್ತದೆ. ಗಾಳಿ, ಬೆಳಕು, ಸೆಕೆ ಮೂರೂ ಅದಕ್ಕೆ ಆಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಮೂರೂ ಧಾರಾಳ. ಮೇ ತಿಂಗಳ ಮಧ್ಯಾಹ್ನ ಡೆಲಿವರಿ ವ್ಯಾನು ಮಂಗಳೂರಿನ ಹಂಪನಕಟ್ಟೆಯ ಬಿಸಿಲಿಗೆ ನಿಂತಿರುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಬೆಂಗಳೂರಿನಿಂದ ಹೊರಟ ಪಾರ್ಸೆಲ್ಲು ಸಕಲೇಶಪುರದ ಆಚೆಯೇ ತಣ್ಣಗೆ ಕೂತಿರುತ್ತದೆ. ಸೀರಮ್ಮಿನ ಮಟ್ಟಿಗೆ ಅದೇ ವಾಸಿ. ಕಂದು ಗಾಜಿನೊಳಗೆ ಬಣ್ಣ ಕಾಣುವುದಿಲ್ಲವಾದ್ದರಿಂದ ಬಂದ ಕೂಡಲೇ ಬಿಳಿ ಪಿಂಗಾಣಿ ತಟ್ಟೆಗೆ ಒಂದು ಹನಿ ಬಿಡಬೇಕು. ನೀರಿನಂತೆ ಅಥವಾ ತೆಳು ಹುಲ್ಲಿನ ಬಣ್ಣ ಇದ್ದರೆ ಸರಿ. ಕಣ್ಣಚಾಯದ, ಅಂದರೆ ಹಾಲು ಹಾಕದ ಚಹಾದ ಬಣ್ಣ ಇದ್ದರೆ ಅದು ಆಗಲೇ ಕೆಟ್ಟಿದೆ, ಹಚ್ಚಿದರೆ ಉಪಯೋಗ ಇಲ್ಲ. ಅರಿಶಿನದಂಥ ಬಣ್ಣದ ಸತ್ವ ಸೇರಿಸಿದ ಸೀರಮ್ಮು ಹುಟ್ಟಿನಿಂದಲೇ ಹಳದಿ. ಜಗಳಕ್ಕೆ ಹೋಗುವ ಮೊದಲು ಪಟ್ಟಿ ನೋಡಿಕೊಳ್ಳಿ. ಈಥೈಲ್ ಆಸ್ಕಾರ್ಬಿಕ್ ಆಮ್ಲ, ಆಸ್ಕಾರ್ಬಿಲ್ ಗ್ಲುಕೋಸೈಡ್ ಎಂಬ ಹೆಸರುಗಳಿದ್ದರೆ ಅವು ಅದೇ ವಿಟಮಿನ್ನಿನ ಹೆಚ್ಚು ತಾಳಿಕೆಯ ರೂಪಗಳು, ನಮ್ಮ ಹವೆಗೆ ಹೇಳಿಸಿದಂಥವು.

ಈ ಸೀರಮ್ಮಿನಲ್ಲಿ ದೊಡ್ಡ ಬಾಟ್ಲಿ ಅಗ್ಗ ಎಂಬ ನಮ್ಮ ಹಳೆಯ ನಂಬಿಕೆ ತಲೆಕೆಳಗಾಗುತ್ತದೆ. ಒಂದು ಮಿಲಿಗೆ ಸುಮಾರು 20 ಹನಿ. ದಿನಕ್ಕೊಮ್ಮೆ ನಾಲ್ಕು ಹನಿಯಂತೆ 30 ಮಿಲಿ 150 ದಿನ ಬರುತ್ತದೆ. ಮುಚ್ಚಳ ತೆರೆದ ವಿಟಮಿನ್ ಸಿಯನ್ನು ಮೂರು ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಅಂದರೆ ಕೊನೆಯ ಎರಡು ತಿಂಗಳು ಹಚ್ಚುವುದು ಕಣ್ಣಚಾಯವನ್ನೇ. 15 ಮಿಲಿಯದ್ದು 75 ದಿನಕ್ಕೆ ಮುಗಿಯುತ್ತದೆ. ಸಣ್ಣ ಬಾಟ್ಲಿಯನ್ನೂ ಮಾರಾಟಕ್ಕೆ ಇಟ್ಟ ಅಂಗಡಿಗೆ ಸೀರಮ್ಮಿನ ಗುಣ ಗೊತ್ತಿದೆ ಎಂದು ತಿಳಿಯಬಹುದು.

ಸನ್‌ಸ್ಕ್ರೀನಿನ ಲೆಕ್ಕ ಬೇರೆ. ಉಡುಪಿಯಲ್ಲಿ ಮಲ್ಲಿಗೆ ಕೊಳ್ಳುವವರಿಗೆ ಅಟ್ಟೆ ಅಂದರೆ ನಾಲ್ಕು ಚೆಂಡು, ಚೆಂಡು ಅಂದರೆ 800 ಹೂ ಎಂದು ಬಾಯಿಪಾಠ. ರೇಟು ಕೇಳುವುದು ಆಮೇಲೆ. ಅದೇ ಜನ ಸನ್‌ಸ್ಕ್ರೀನು ಕೊಳ್ಳುವಾಗ ಟ್ಯೂಬಿಗೆ ಎಷ್ಟು ಎಂದಷ್ಟೇ ನೋಡುತ್ತಾರೆ. ಮುಖಕ್ಕೆ ಮಾತ್ರ ಒಂದು ಸಲಕ್ಕೆ ಬೇಕಾದ್ದು ಕಾಲು ಟೀ ಚಮಚ, ಸುಮಾರು ಒಂದೂಕಾಲು ಗ್ರಾಂ. 50 ಗ್ರಾಮಿನ ಟ್ಯೂಬು ದಿನಕ್ಕೊಮ್ಮೆ ಹಚ್ಚಿದರೆ 40 ದಿನ. 499 ರೂಪಾಯಿಯದ್ದಾದರೆ ದಿನಕ್ಕೆ ಹನ್ನೆರಡೂವರೆ ರೂಪಾಯಿ. 399ಕ್ಕೆ 30 ಗ್ರಾಂ ‘ಅಗ್ಗ’ದ ಟ್ಯೂಬು ದಿನಕ್ಕೆ ಹದಿನಾರೂವರೆ ಬೀಳುತ್ತದೆ. 599ರ 80 ಗ್ರಾಮಿನದ್ದು ಒಂಬತ್ತೂವರೆಯೊಳಗೆ ಮುಗಿಯುತ್ತದೆ. ‘ಒಂದು ಟ್ಯೂಬು ಆರು ತಿಂಗಳು ಬಂತು, ಹಣಕ್ಕೆ ಮೋಸ ಇಲ್ಲ’ ಎಂದು ಐದು ನಕ್ಷತ್ರ ಕೊಟ್ಟವರು ದಿನಕ್ಕೆ ಕಾಲು ಗ್ರಾಂ ಚಿಲ್ಲರೆ ಹಚ್ಚಿದ್ದಾರೆ. ದೇವರಿಗೆ ಗಂಧ ಇಟ್ಟಷ್ಟು. ಅಷ್ಟಕ್ಕೆ ಡಬ್ಬಿಯ ಮೇಲಿನ 50 ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) ಹತ್ತಿರವೂ ಸುಳಿಯುವುದಿಲ್ಲ.

ಗೀಟು ಹಾಕಿದ ಎಂಆರ್‌ಪಿಯನ್ನು ಕಣ್ಣಿನಿಂದಲೇ ಅಳಿಸಿಬಿಡಿ. ಅದು ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಗಡಿ, ಹಿಂದೆ ಯಾರೋ ಕೊಟ್ಟ ಬೆಲೆ ಅಲ್ಲ. 1199ಕ್ಕೆ ಗೀಟು ಹಾಕಿ 399 ಎಂದು ವರ್ಷವಿಡೀ ಬರೆದಿದ್ದರೆ ಆ ಸಾಮಾನಿನ ಬೆಲೆಯೇ 399. ಬುಟ್ಟಿಯಲ್ಲಿ 449 ಆದಾಗ 499ಕ್ಕೆ ಡೆಲಿವರಿ ಫ್ರೀ ಎಂದು 99ರ ಶೀಟ್ ಮಾಸ್ಕ್ ಹಾಕಿಕೊಳ್ಳುವುದು, ಕೊನೆಯ ಪರದೆಯಲ್ಲಿ ಪ್ಲಾಟ್‌ಫಾರ್ಮ್ ಫೀ ತಲೆಯೆತ್ತುವುದು, ‘ಇನ್ನು 2 ಮಾತ್ರ ಬಾಕಿ’ ಎಂಬ ಕೆಂಪಕ್ಷರ ಮರುದಿನ ಬೆಳಿಗ್ಗೆಯೂ 2 ಆಗಿಯೇ ಇರುವುದು ಎಲ್ಲರೂ ಕಂಡದ್ದೇ. ಸುಳ್ಳು ಅವಸರ, ಕೇಳದೆ ಬುಟ್ಟಿಗೆ ತುರುಕುವುದು ಸೇರಿ ಇಂಥ 13 ಕೈಚಳಕಗಳನ್ನು 2023ರ ಕೇಂದ್ರ ಮಾರ್ಗಸೂಚಿ ಹೆಸರು ಹಿಡಿದು ನಿಷೇಧಿಸಿದೆ. ನಿಷೇಧಿಸಿದ್ದು ನಿಂತಿದೆ ಎಂದಲ್ಲ.

ಪದಾರ್ಥಗಳ ಪಟ್ಟಿ ಓದಲಿಕ್ಕೆ ರಸಾಯನಶಾಸ್ತ್ರ ಬೇಕಾಗಿಲ್ಲ, ಒಂದು ಹೆಸರು ಗೊತ್ತಿದ್ದರೆ ಸಾಕು: ಫಿನಾಕ್ಸಿಇಥೆನಾಲ್. ಕೆಡದಂತೆ ಕಾಪಾಡುವ ವಸ್ತು ಅದು, ಶೇಕಡಾ ಒಂದಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಪಟ್ಟಿ ಹೆಚ್ಚಿನಿಂದ ಕಡಿಮೆಗೆ ಇಳಿಯುತ್ತದೆ. ಶೇಕಡಾ ಒಂದರ ಕೆಳಗಿನವನ್ನು ಹೇಗೆ ಬೇಕಾದರೂ ಬರೆಯಬಹುದು. ಹಾಗಾದರೆ ಫಿನಾಕ್ಸಿಇಥೆನಾಲ್ ಆದಮೇಲೆ ಬಂದದ್ದೆಲ್ಲ ಶೇಕಡಾ ಒಂದರೊಳಗಿನ ಗಿರಾಕಿ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ಕೇಸರಿ, ಚಿನ್ನ, ಮಲ್ಲಿಗೆ ಸತ್ವಗಳು ಸಾಮಾನ್ಯವಾಗಿ ಸಿಗುವುದು ಆ ಹಿಂದಿನ ಬೆಂಚಿನಲ್ಲಿ. ರೆಟಿನಾಲ್, ಪೆಪ್ಟೈಡುಗಳು, ಹಯಲುರಾನಿಕ್ ಆಮ್ಲ ಮಾತ್ರ ಅಷ್ಟರಲ್ಲೇ ಕೆಲಸ ಮಾಡುವವು, ಅವು ಹಿಂದೆ ಕೂತರೆ ತಪ್ಪಿಲ್ಲ. ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಹಿಂದೆ ಕೂತಿದ್ದರೆ ತಪ್ಪು. 5 ಶೇಕಡಾ ಎಂದು ಹೇಳಿಕೊಂಡದ್ದು ಮೊದಲ ನಾಲ್ಕೈದು ಹೆಸರಿನೊಳಗೆ ಕಾಣಬೇಕು.

ವಿಮರ್ಶೆಗಳಲ್ಲಿ ಕ್ರೀಮಿನ ಬಗ್ಗೆ ಬರೆದದ್ದನ್ನು ಬಿಟ್ಟು ಅಂಗಡಿಯ ಬಗ್ಗೆ ಬರೆದದ್ದನ್ನು ಓದಬೇಕು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ. ‘ಮೂರೇ ದಿನದಲ್ಲಿ ಕಲೆ ಮಾಯ’ ಎಂದವರ ಮಾತಿನಲ್ಲಿ ಕಲೆಗಿಂತ ಕಲಾವಂತಿಕೆ ಹೆಚ್ಚು. ಆದರೆ ಸೀಲು ಒಡೆದಿತ್ತು, ಪಂಪು ಸೋರಿತ್ತು, ಎಕ್ಸ್‌ಪೈರಿಗೆ ಎರಡು ತಿಂಗಳಿತ್ತು, ದೂರು ಕೊಟ್ಟರೆ ಹಣ ಹಿಂದೆ ಬಂತು ಎಂಬುದೆಲ್ಲ ಮೊದಲ ದಿನವೇ ಹೇಳಬಹುದಾದ ಸತ್ಯಗಳು. ಮೂರು ನಕ್ಷತ್ರದವರಲ್ಲಿ ಇವು ಹೆಚ್ಚು ಸಿಗುತ್ತವೆ. ‘ಬೆವರಿದರೆ ಹಣೆಯಿಂದ ಬಿಳಿ ಇಳಿಯುತ್ತದೆ’ ಎಂದು ಯಾರಾದರೂ ಬರೆದಿದ್ದರೆ ಅವರು ಕುಂದಾಪುರದವರಲ್ಲದಿದ್ದರೂ ನಮ್ಮವರೇ.

ದೊಡ್ಡ ಮಾರುಕಟ್ಟೆ ಆ್ಯಪುಗಳಲ್ಲಿ ‘ಸೋಲ್ಡ್ ಬೈ’ ಎಂಬ ಸಣ್ಣ ಸಾಲನ್ನು ಒತ್ತಿ ನೋಡಿ. ಬ್ರ್ಯಾಂಡಿನದ್ದೇ ಹೆಸರೋ, ಮೊಬೈಲ್ ಕವರು ಮತ್ತು ಕುಕ್ಕರ್ ಗ್ಯಾಸ್ಕೆಟ್ಟು ಮಾರುವವರೋ ಅಲ್ಲಿ ಗೊತ್ತಾಗುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ವಿವರವನ್ನೂ ದೂರು ಅಧಿಕಾರಿಯ ಹೆಸರನ್ನೂ ತೋರಿಸಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಬಾರ್‌ಕೋಡು 880ರಿಂದ ಶುರುವಾದರೆ ಅಸಲಿ ಕೊರಿಯಾ ಮಾಲು ಎಂಬುದು ಬರೀ ನಂಬಿಕೆ. ಆ ಅಂಕೆ ಕಂಪನಿ ಎಲ್ಲಿ ಸಂಖ್ಯೆ ಪಡೆಯಿತು ಎಂದು ಹೇಳುತ್ತದೆಯೇ ಹೊರತು ಕ್ರೀಮು ಎಲ್ಲಿ ಕಲಸಿದರು ಎಂದಲ್ಲ. ನಕಲಿ ಮಾಡುವವನಿಗೆ ಅದನ್ನು ಅಚ್ಚುಹಾಕಲಿಕ್ಕೆ ಎಷ್ಟು ಹೊತ್ತು?

ವಾಟ್ಸ್‌ಆ್ಯಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಮಾರುವ ‘ದುಬೈಯಿಂದ ಬಂದದ್ದು’ ಎಂಬ ಬಿಳಿ ಮಾಡುವ ಕ್ರೀಮುಗಳ ವಿಷಯದಲ್ಲಿ ನಗಲಿಕ್ಕೆ ಏನೂ ಇಲ್ಲ. ಮನೆಮನೆಗೆ ಗಲ್ಫಿನ ನಂಟಿರುವ ನಮ್ಮ ಕಡೆ ಆ ಮಾತಿಗೆ ಬೇಗ ನಂಬಿಕೆ ಹುಟ್ಟುತ್ತದೆ. ಡಬ್ಬಿಯ ಮೇಲೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆ ಇಲ್ಲದಿದ್ದರೆ ತಂದವರು ಸ್ವಂತ ಅತ್ತಿಗೆಯಾದರೂ ಬೇಡ. ವಾರದಲ್ಲಿ ಮುಖ ಬಿಳಿಯಾದರೆ ಒಳಗೆ ಪಾದರಸವೋ ಸ್ಟೀರಾಯ್ಡೋ ಇರುವ ಸಂಶಯ ಪಡಬೇಕು. ನಮ್ಮ ನಿಯಮದಲ್ಲಿ ಪಾದರಸ ಹಾಕುವುದಕ್ಕೇ ನಿಷೇಧ. ಅಕಸ್ಮಾತ್ ಸೇರಿದ್ದೂ, ಕಣ್ಣಿನ ಪ್ರಸಾಧನ ಬಿಟ್ಟರೆ, ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. 2023ರ ಹೊತ್ತಿಗೆ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ಹಲವರ ಹಿಂದೆ ವೈದ್ಯರು ಕಂಡದ್ದು ಇಂಥ ಕ್ರೀಮುಗಳ ಬಳಕೆಯನ್ನೇ. ಹಲವು ಸ್ಟೀರಾಯ್ಡ್ ಮುಲಾಮುಗಳು 2018ರಿಂದ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯಲ್ಲಿವೆ. ಬಿಟ್ಟಾಗ ಮುಖ ಕೆಂಪಾಗಿ ಉರಿಯುವುದನ್ನೇ ನೋಡಿ ‘ಕ್ರೀಮು ನಿಲ್ಲಿಸಿದ್ದಕ್ಕೆ ಹೀಗಾಯಿತು’ ಎಂದು ಇನ್ನೊಂದು ಡಬ್ಬಿ ತರಿಸುವವರಿದ್ದಾರೆ.

ಪಾರ್ಸೆಲ್ಲು ಬಂದಾಗ ಟೇಪು ಕತ್ತರಿಸುವ ಮೊದಲೇ ಮೊಬೈಲಿನಲ್ಲಿ ವಿಡಿಯೋ ಶುರುಮಾಡಿ; ವಿಳಾಸದ ಚೀಟಿಯಿಂದ ಸೀಲಿನವರೆಗೆ ನಡುವೆ ನಿಲ್ಲಿಸಬೇಡಿ. ಡಬ್ಬಿಯ ಬ್ಯಾಚ್ ಸಂಖ್ಯೆ, ಬಾಟ್ಲಿಯ ಬ್ಯಾಚ್ ಸಂಖ್ಯೆ ಒಂದೇ ಇರಬೇಕು. ಬೇರೆಯಾಗಿದ್ದರೆ, ತಾರೀಕನ್ನು ಉಜ್ಜಿ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ, ಮುಚ್ಚಳ ತೆರೆಯದೆ ಹಿಂದೆ ಕಳಿಸಿ. ತೆರೆದ ಕ್ರೀಮನ್ನು ಹೆಚ್ಚಿನ ಅಂಗಡಿಗಳು ವಾಪಸು ತೆಗೆದುಕೊಳ್ಳುವುದಿಲ್ಲ. ಅಂಗಡಿ ಕಿವುಡಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಲ್ಲ ಸರಿಯಿದ್ದರೆ ಮೊಣಕೈ ಒಳಬದಿಗೆ ಹಚ್ಚಿ ಎರಡು ಮೂರು ದಿನ ಕಾಯಿರಿ, ಆಮೇಲೆ ಮುಖಕ್ಕೆ. ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ ತೆರೆದಮೇಲೆ ಹನ್ನೆರಡು ತಿಂಗಳು ಎಂದರ್ಥ, ಹಾಗಾಗಿ ತೆರೆದ ದಿನವನ್ನು ತಳಕ್ಕೆ ಮಾರ್ಕರಿನಲ್ಲಿ ಬರೆದಿಡಿ. ಬಚ್ಚಲಿನಲ್ಲಿ ಮಾತ್ರ ಇಡಬೇಡಿ; ಆಟಿ ತಿಂಗಳ ಮಳೆಯಲ್ಲಿ ಅಲ್ಲಿ ಬಾಚಣಿಗೆಗೇ ಬೂಸ್ಟು ಹಿಡಿಯುತ್ತದೆ. ವಿಟಮಿನ್ ಸಿಗೆ ಫ್ರಿಜ್ಜಿನ ಬಾಗಿಲಲ್ಲಿ ಜಾಗ ಮಾಡಿಕೊಡಿ. ಅಲ್ಲಿ ಮಾತ್ರ ಬಾಟ್ಲಿಯ ಮುಖ ಹೊರಗಿರಲಿ, ಇಲ್ಲವಾದರೆ ಎಸೆನ್ಸ್ ಅಂದುಕೊಂಡು ಯಾರಾದರೂ ಪಾಯಸಕ್ಕೆ ನಾಲ್ಕು ಹನಿ ಬಿಟ್ಟಾರು.