ಬ್ಯಾಟರಿ ಹೋದರೆ ಫೋನೇ ಹೋದಂತಾ?

ನಿನ್ನೆ ಸರ್ವಿಸ್ ಸೆಂಟರ್‌ನಲ್ಲಿ ಟೋಕನ್ ಹಿಡಿದು ಮುಕ್ಕಾಲು ಗಂಟೆ ಕೂತಿದ್ದೆ. ಕೊನೆಗೂ ನನ್ನ ನಂಬರ್ ಬಂತು. ಕೌಂಟರ್‌ನಲ್ಲಿದ್ದ ಹುಡುಗ ನನ್ನ ಫೋನ್ ತೆಗೆದುಕೊಂಡು ಒಮ್ಮೆ ತಿರುಗಿಸಿ ನೋಡಿದ. "ಐದು ವರ್ಷ ಆಯ್ತಲ್ಲ ಮೇಡಂ. ಈ ಮಾಡೆಲ್‌ಗೆ ಬ್ಯಾಟರಿ ಬರೋದು ನಿಂತಿದೆ. ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ, ಇಎಂಐ ಇದೆ" ಅಂದ. ಅಷ್ಟೇ. ಆನ್ ಮಾಡಿ ಕೂಡ ನೋಡಲಿಲ್ಲ.

ನನ್ನ ಫೋನ್ ಹಳೆಯದು, ನಿಜ. ಒಮ್ಮೆ ಬಸ್ ಇಳಿಯುವಾಗ ಕೈಜಾರಿ ಬಿದ್ದು ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಮಾತು ಸ್ಪಷ್ಟವಾಗಿ ಕೇಳುತ್ತೆ. ಫೋಟೊ ಚೆನ್ನಾಗಿ ಬರುತ್ತೆ. ಈ ಬರಹವನ್ನೂ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ. ಇದ್ದ ತೊಂದರೆ ಒಂದೇ. ಚಾರ್ಜ್ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ನೂರು ಇದ್ದದ್ದು ಮಧ್ಯಾಹ್ನ ಊಟದ ಹೊತ್ತಿಗೆ ಇಪ್ಪತ್ತು. ಇಪ್ಪತ್ತು ತೋರಿಸುತ್ತಿರುವಾಗಲೇ ಸ್ವಿಚ್ ಆಫ್. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನಾವು ಹೊಸ ಗ್ಯಾಸ್ಕೆಟ್ ತರುತ್ತೇವೆ, ಅಲ್ವಾ? ಕುಕ್ಕರನ್ನೇ ಬಿಸಾಕಿ ಅಂತ ಯಾವ ಪಾತ್ರೆ ಅಂಗಡಿಯವರೂ ಹೇಳುವುದಿಲ್ಲ.

ಸಿಟ್ಟು ತಡೆಯಲಾಗಲಿಲ್ಲ. ಅಲ್ಲಿಂದ ನೇರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಟೌನ್ ಹಾಲ್ ಹತ್ತಿರ ಇಳಿದು, ಆ ಗಿಜಿಗಿಜಿ ಗಲ್ಲಿಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಒಂದು ಅಂಗಡಿ. "ಕೂತ್ಕೊಳ್ಳಿ ಅಕ್ಕಾ" ಅಂತ ಹುಡುಗ ಸ್ಟೂಲ್ ಎಳೆದು ಕೊಟ್ಟ. ಫೋನಿನ ಬೆನ್ನಿಗೆ ಬಿಸಿಗಾಳಿ ಹಿಡಿದ. ಅಂಚಿಗೆ ತೆಳ್ಳಗಿನ ಪ್ಲಾಸ್ಟಿಕ್ ಚೂರು ತೂರಿಸಿ ಮೆಲ್ಲಗೆ ಸುತ್ತಲೂ ಎಳೆದ. ಅಂಟು ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಬಿಚ್ಚಿದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಮ್ಯಾಗ್ನೆಟ್ ಹಾಳೆಯ ಮೇಲೆ ಸಾಲಾಗಿ ಜೋಡಿಸಿದ. ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. "ಇನ್ನೊಂದ್ ತಿಂಗಳು ಬಿಟ್ಟಿದ್ರೆ ಡಿಸ್‌ಪ್ಲೇನೇ ಎಬ್ಬಿಸ್ತಿತ್ತು ಅಕ್ಕಾ" ಅಂದ. ಇಪ್ಪತ್ತೈದು ನಿಮಿಷ, 1,200 ರೂಪಾಯಿ. ಆರು ತಿಂಗಳ ವಾರಂಟಿ ಅಂತ ಚೀಟಿ ಬರೆದುಕೊಟ್ಟ. ಇವತ್ತು ರಾತ್ರಿ ಒಂಬತ್ತಾದರೂ ಫೋನಿನಲ್ಲಿ 46 ಉಳಿದಿದೆ. ಆ ಹುಡುಗನ ಕೈ ತಣ್ಣಗಿರಲಿ.

ಆದರೆ ಒಂದು ಅಳುಕು ಹೋಗಿಲ್ಲ. ಈಗ ಹಾಕಿರುವ ಬ್ಯಾಟರಿ ಒರಿಜಿನಲ್ಲೋ ಡೂಪ್ಲಿಕೇಟೋ, ನನಗೆ ತಿಳಿಯುವ ದಾರಿಯೇ ಇಲ್ಲ. ರಾತ್ರಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವ ವಸ್ತು ಇದು. ಮಾರಿದವರೇ ಬ್ಯಾಟರಿ ಕೊಟ್ಟಿದ್ದರೆ ಈ ಅಳುಕು ಯಾಕೆ ಇರುತ್ತಿತ್ತು?

ಅಪ್ಪನ ಫೋನ್ ನೆನಪಾಯಿತು. ತಿಪಟೂರಿನ ಕಡೆಯ ನಮ್ಮ ತೋಟದಲ್ಲಿ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಅಪ್ಪ ಪಂಪ್‌ಸೆಟ್ ಆನ್ ಮಾಡಲು ಹೋಗುತ್ತಿದ್ದದ್ದು ನೋಕಿಯಾ 1100ರ ಟಾರ್ಚ್ ಬೆಳಕಿನಲ್ಲಿ. 2003ರಲ್ಲಿ ಬಂದ ಫೋನ್ ಅದು, ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಬೆನ್ನಿನ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ಬಿಎಲ್-5ಸಿ ಬ್ಯಾಟರಿ ಕೈಗೆ ಬರುತ್ತಿತ್ತು. ಬ್ಯಾಟರಿ ಸಡಿಲವಾಗಿ ಫೋನ್ ಆಫ್ ಆಗಲು ಶುರುವಾದಾಗ ಅಪ್ಪ ಕ್ಯಾಲೆಂಡರ್ ಹಾಳೆಯ ಚೂರನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕಿದರು. ಅದರಲ್ಲೇ ಎರಡು ವರ್ಷ ನಡೆಯಿತು.

2007ರ ಆಗಸ್ಟ್ ನಿಮಗೆ ನೆನಪಿದೆಯಾ? ಮತ್ಸುಶಿತಾ ಕಂಪನಿ ಮಾಡಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗಬಹುದು ಅಂತ ನೋಕಿಯಾನೇ ಹೇಳಿತು. ಊರೆಲ್ಲ ಗಾಬರಿ. ಬ್ಯಾಟರಿ ತೆಗೆದು ಅದರ ಮೇಲಿನ 26 ಅಕ್ಷರಗಳ ನಂಬರ್ ನೋಡಬೇಕಿತ್ತು. ಅಪ್ಪ ಅದನ್ನು ಚೀಟಿಯಲ್ಲಿ ಬರೆದುಕೊಂಡು, ಬ್ಯಾಟರಿ ವಾಪಸ್ ಹಾಕಿ, ನನಗೆ ಫೋನ್ ಮಾಡಿ ಒಂದೊಂದೇ ಅಕ್ಷರ ಓದಿ ಹೇಳಿದರು. ನಾನು ಆಫೀಸಿನ ಕಂಪ್ಯೂಟರ್‌ನಲ್ಲಿ ನೋಡಿ "ಏನೂ ತೊಂದರೆ ಇಲ್ಲ ಅಪ್ಪಾ" ಅಂದೆ. ಮುಗಿಯಿತು. ತೊಂದರೆ ಇದ್ದವರಿಗೂ ಬದಲಾಯಿಸಬೇಕಿದ್ದದ್ದು ಬ್ಯಾಟರಿ ಮಾತ್ರ.

ಇನ್ನು 2016 ನೋಡಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗಳು ಹೊತ್ತಿಕೊಂಡವು. ಬ್ಯಾಟರಿ ಒಳಗೇ ಅಂಟಿತ್ತು. ಹಾಗಾಗಿ ಇಡೀ ಫೋನನ್ನೇ ವಾಪಸ್ ಕರೆಸಬೇಕಾಯಿತು. ಅಕ್ಟೋಬರ್‌ನಲ್ಲಿ ಆ ಮಾಡೆಲ್ಲೇ ನಿಂತುಹೋಯಿತು. ಈ ಒಂಬತ್ತು ವರ್ಷಗಳಲ್ಲಿ ನಮ್ಮ ಕೈಯಿಂದ ಏನನ್ನು ಕಿತ್ತುಕೊಂಡರು ಅನ್ನುವುದು ಇದರಲ್ಲೇ ಕಾಣುತ್ತದೆ.

"ಅಂಟು ಹಾಕದಿದ್ದರೆ ಮಳೆನೀರು ಒಳಗೆ ಹೋಗುತ್ತೆ, ಫೋನ್ ದಪ್ಪ ಆಗುತ್ತೆ" ಅಂತ ನಮ್ಮ ಮನೆಯವರೇ ವಾದ ಮಾಡಿದರು. ನಾನು ಒಪ್ಪುವುದಿಲ್ಲ. 2014ರ ಗ್ಯಾಲಕ್ಸಿ ಎಸ್5 ನೀರು ತಡೆಯುವ ಐಪಿ67 ದರ್ಜೆಯ ಫೋನು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತಿತ್ತು. ದಪ್ಪ 8.1 ಮಿಲಿಮೀಟರ್. ಅದರ ಹಿಂದಿನ ಮುಚ್ಚಳವನ್ನು ಉಗುರಿನಲ್ಲಿ ಎಬ್ಬಿಸಿ ಬ್ಯಾಟರಿ ತೆಗೆಯಬಹುದಿತ್ತು. ಅವತ್ತು ಆಗಿದ್ದು ಇವತ್ತು ಯಾಕೆ ಆಗಲ್ಲ?

ಬ್ಯಾಟರಿ ಸವೆಯುವುದು ಯಾರ ತಪ್ಪೂ ಅಲ್ಲ. ಲಿಥಿಯಂ ಬ್ಯಾಟರಿ ಇರುವುದೇ ಹಾಗೆ. ಐಫೋನ್ 14ರವರೆಗಿನವು 500 ಸಲ ಪೂರ್ತಿ ಚಾರ್ಜ್ ಆದ ಮೇಲೆ 80 ಪರ್ಸೆಂಟ್ ಉಳಿಸಿಕೊಳ್ಳುವಂತೆ ಮಾಡಿದ್ದು, 15ರಿಂದ ಅದು 1,000 ಸಲ ಅಂತ ಆಪಲ್ಲೇ ಹೇಳುತ್ತದೆ. ಸವೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದ ಮೇಲೆ ಸವೆಯುವ ಭಾಗವನ್ನು ಅಂಟು ಹಾಕಿ ಮುಚ್ಚಿ, ಆಮೇಲೆ "ಬರೋದು ನಿಂತಿದೆ" ಅನ್ನುವುದು ಅನ್ಯಾಯ. ಯುರೋಪಿನಲ್ಲಿ 2023ರಲ್ಲೇ ಕಾನೂನು ತಂದರು. 2027ರ ಫೆಬ್ರವರಿ 18ರಿಂದ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸುವಂತಿರಬೇಕು. ವಿನಾಯಿತಿಗಳಿವೆ, ಇರಲಿ. ನಮ್ಮಲ್ಲೂ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಬರೀ ಮಾಹಿತಿ ಸಾಲದು. ಇಷ್ಟು ವರ್ಷ ಬ್ಯಾಟರಿ ಕೊಡಲೇಬೇಕು ಅನ್ನುವ ಕಟ್ಟುನಿಟ್ಟು ಬೇಕು.

ಇದನ್ನೂ ಹೇಳಿಬಿಡುತ್ತೇನೆ. 2019ರವರೆಗೆ ನಾನೂ ವರ್ಷಕ್ಕೊಂದು ಫೋನ್ ಬದಲಾಯಿಸುತ್ತಿದ್ದವಳೇ. ಆಗ ಬ್ಯಾಟರಿ ಬಗ್ಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ. ನನ್ನ ಬೀರುವಿನ ಡ್ರಾಯರ್‌ನಲ್ಲಿ ನಾಲ್ಕು ಫೋನ್‌ಗಳಿವೆ. ಒಂದರಲ್ಲಿ ಅಪ್ಪನ ಕೊನೆಯ ದೀಪಾವಳಿಯ ಫೋಟೊಗಳಿವೆ. ಅದು ಈಗ ಆನ್ ಆಗುವುದಿಲ್ಲ. ಮುಂದಿನ ವಾರ ಅದನ್ನೂ ಎಸ್.ಪಿ. ರೋಡಿನ ಹುಡುಗನ ಹತ್ತಿರ ಒಯ್ಯುತ್ತೇನೆ.

ಇವತ್ತು ಸಂಜೆ ತಮ್ಮನ ಮಗನಿಗೆ ಫೋನ್ ಕೊಡಿಸಲು ಹೋಗಿದ್ದೆ. ಪಿಯುಸಿ ಸೇರಿದ್ದಾನೆ, ಅವನ ಮೊದಲ ಫೋನ್. ಎಲ್ಲ ಅಂಗಡಿಯಲ್ಲೂ ಮೊದಲು ಹೇಳುವುದು ಕ್ಯಾಮೆರಾ, ಆಮೇಲೆ ರ್‍ಯಾಮ್. ನಾನು ಕೇಳಿದ್ದು ಒಂದೇ: "ಮೂರು ವರ್ಷ ಆದ ಮೇಲೆ ಇದಕ್ಕೆ ಒರಿಜಿನಲ್ ಬ್ಯಾಟರಿ ಸಿಗುತ್ತಾ? ಎಷ್ಟಾಗುತ್ತೆ?" ಮೊದಲ ಎರಡು ಅಂಗಡಿಯಲ್ಲಿ ಮುಖ ಮುಖ ನೋಡಿದರು. ಅಳಿಯ "ಅತ್ತೆ, ಸಾಕು ಬಾ" ಅಂತ ಕೈ ಎಳೆದ. ಮೂರನೆಯ ಅಂಗಡಿಯ ಯಜಮಾನರು ಸುಮ್ನೆ ಏನೋ ಹೇಳಿ ಕಳಿಸಲಿಲ್ಲ. ಸರ್ವಿಸ್‌ನವರಿಗೆ ಫೋನ್ ಹಚ್ಚಿ ಕೇಳಿ, ಈಗಿನ ರೇಟನ್ನು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿದರು. ಅವನಿಗೆ ಬೇಕಿದ್ದ ನೀಲಿ ಬಣ್ಣ ಅಲ್ಲಿರಲಿಲ್ಲ. ಕಪ್ಪನ್ನೇ ತಗೊಂಡು ಬಂದೆವು.